ಒಂದೇ ತರಗತಿ, ಹಲವು ಹಂತದ ಮಕ್ಕಳು: ಬರೆದಿಟ್ಟ ದಾಖಲೆ ಪಾಠಕ್ಕೆ ಒದಗುವುದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ ನೋಡಿಕೊಳ್ಳುತ್ತಿದ್ದೇನೆ. 26 ಮಕ್ಕಳು, ಎಲ್ಲರೂ ನಲಿ-ಕಲಿ (ಒಂದರಿಂದ ಮೂರನೇ ತರಗತಿವರೆಗಿನ ಕಾರ್ಡುಗಳ ಕಲಿಕೆ) ಮುಗಿಸಿ ಬಂದವರು. ವರ್ಷದ ಆರಂಭದ ಸೇತುಬಂಧದಲ್ಲಿ ನೈದಾನಿಕ ಪರೀಕ್ಷೆ (ಹಿಂದಿನ ತರಗತಿಯದು ಯಾರಿಗೆ ಎಷ್ಟು ಬಂದಿದೆ ಎಂದು ನೋಡುವುದು) ಮಾಡಿ ಅಂಕ ತುಂಬಿಸಿದ್ದಾಯಿತು. 12 ಮಕ್ಕಳು ಪಾಠವನ್ನು ಸರಾಗವಾಗಿ ಓದುತ್ತಾರೆ. 9 ಮಕ್ಕಳಿಗೆ ಒತ್ತಕ್ಷರ ಬರುವುದಿಲ್ಲ. 5 ಮಕ್ಕಳಿಗೆ ಕಾಗುಣಿತವೇ ಗಟ್ಟಿಯಾಗಿಲ್ಲ. ಗಣಿತದಲ್ಲೂ ಹೆಚ್ಚುಕಡಿಮೆ ಹೀಗೇ. ತರಬೇತಿಯಲ್ಲಿ ‘ಪ್ರತಿ ಮಗುವಿಗೂ ಅದರ ವೇಗಕ್ಕೆ ತಕ್ಕಂತೆ ಕಲಿಸಿ’ ಎನ್ನುತ್ತಾರೆ, ಶಾಲೆಗೆ ಭೇಟಿ ಕೊಟ್ಟವರು ‘ಪಾಠ ಎಲ್ಲಿವರೆಗೆ ಬಂತು’ ಎಂದು ಕೇಳುತ್ತಾರೆ. ದಾಖಲೆ ಬರೆಯುವುದರಲ್ಲೇ ಹೊತ್ತು ಹೋಗುತ್ತದೆ, ಅದರಿಂದ ಪಾಠಕ್ಕೆ ಏನು ಪ್ರಯೋಜನ ಎಂಬುದೇ ತಿಳಿಯುತ್ತಿಲ್ಲ. ಒಬ್ಬಳೇ ಶಿಕ್ಷಕಿ ಇದನ್ನೆಲ್ಲ ಹೇಗೆ ನಿಭಾಯಿಸಬೇಕು?

ಉತ್ತರ: ಮೇಡಂ, ಮೊದಲು ಒಂದು ಮಾತು. ನಿಮ್ಮನ್ನು ಎರಡು ಕಡೆಯಿಂದ ಎಳೆಯುತ್ತಿರುವ ಆ ಎರಡು ಬೇಡಿಕೆಗಳೂ ಒಂದೇ ಕಾಯ್ದೆಯಲ್ಲಿವೆ, ಅದೂ ಅಕ್ಕಪಕ್ಕದಲ್ಲೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ನಿಗದಿತ ಅವಧಿಯಲ್ಲಿ ಪಠ್ಯಕ್ರಮ ಮುಗಿಸಬೇಕು ಎನ್ನುತ್ತದೆ. ಅದರ ಮುಂದಿನ ಸಾಲಿನಲ್ಲೇ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅದಕ್ಕೆ ತಕ್ಕ ಹೆಚ್ಚುವರಿ ಬೋಧನೆ ಕೊಡಬೇಕು ಎನ್ನುತ್ತದೆ. ಆದ್ದರಿಂದ ಹಿಂದುಳಿದ ಮಕ್ಕಳಿಗೆಂದು ದಿನದ ಒಂದಿಷ್ಟು ಹೊತ್ತು ತೆಗೆದಿಟ್ಟರೆ ನೀವು ನಿಯಮ ಮೀರಿದಂತೆ ಆಗುವುದಿಲ್ಲ. ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಿ.

ಈಗ ದಾಖಲೆಯ ವಿಷಯ. ನೈದಾನಿಕ ಪರೀಕ್ಷೆಯಲ್ಲಿ ಇಬ್ಬರು ಮಕ್ಕಳಿಗೆ 20ಕ್ಕೆ 8 ಬಂತು ಅಂದುಕೊಳ್ಳಿ. ಒಬ್ಬಳು ಓದಲಾರಳು, ಪ್ರಶ್ನೆಯನ್ನು ಯಾರಾದರೂ ಓದಿ ಹೇಳಿದ್ದರೆ ಅಷ್ಟಕ್ಕೂ ಬಾಯಲ್ಲಿ ಉತ್ತರ ಹೇಳುತ್ತಿದ್ದಳು. ಇನ್ನೊಬ್ಬ ಗಟ್ಟಿಯಾಗಿ ಓದುತ್ತಾನೆ, ಓದಿದ್ದು ಏನೆಂದು ಅವನಿಗೆ ಗೊತ್ತಿಲ್ಲ. ನಿಮ್ಮ ವಹಿಯಲ್ಲಿ ಇಬ್ಬರೂ ಒಂದೇ ಹಂತದಲ್ಲಿ ಕೂತಿದ್ದಾರೆ, ಇಬ್ಬರಿಗೂ ಒಂದೇ ಪರಿಹಾರ ಬೋಧನೆ. ಇಲ್ಲಿಯೇ ದಾಖಲೆ ಕೈಕೊಡುವುದು. ಅಂಕ ಎಂಬುದು ಎಷ್ಟು ತಪ್ಪಾಯಿತು ಎಂದು ಹೇಳುತ್ತದೆ, ಯಾಕೆ ತಪ್ಪಾಯಿತು ಎಂದು ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಬೋರ್ಡಿನ ಮುಂದೆ ನಿಂತಾಗ ನಿಮಗೆ ಬೇಕಾದದ್ದು ಆ ‘ಯಾಕೆ’.

ನೀವು ಪತ್ರದಲ್ಲಿ ಅಂಕಗಳನ್ನು ಬರೆಯದೆ ‘ಒತ್ತಕ್ಷರ ಬರುವುದಿಲ್ಲ’ ಎಂದು ಬರೆದಿದ್ದೀರಿ. ಅಂದರೆ ಅರ್ಧ ದಾರಿ ಬಂದಾಗಿದೆ. ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಒತ್ತಕ್ಷರದಲ್ಲಿ ಏನು ಬರುವುದಿಲ್ಲ?

ಕನ್ನಡದ ಒತ್ತಕ್ಷರ ಒಂದೇ ತೊಡಕಲ್ಲ, ಅದರೊಳಗೆ ನಾಲ್ಕೈದು ತೊಡಕುಗಳಿವೆ. ಕ, ಗ, ದ, ಪ, ಬ ಇವುಗಳ ಒತ್ತು ಮೂಲ ಅಕ್ಷರದ ಚಿಕ್ಕ ರೂಪದಂತೆಯೇ ಕಾಣುತ್ತದೆ. ಹಗ್ಗ, ದಪ್ಪ, ಹಬ್ಬ ಓದಲು ಮಗುವಿಗೆ ಅಷ್ಟು ಕಷ್ಟವಿಲ್ಲ. ತ, ನ, ಮ, ಯ, ರ, ಲ ಹಾಗಲ್ಲ. ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಕಣ್ಣಿಗೆ ಕಾಣುವ ಸಂಬಂಧವೇ ಇಲ್ಲ. ಅವನ್ನು ಹೊಸ ಅಕ್ಷರಗಳೆಂದೇ ಕಲಿಸಬೇಕು. ಇದು ಒಂದನೆಯ ತೊಡಕು. ಎರಡನೆಯದು ಸ್ವರಚಿಹ್ನೆಯದು. ‘ಬೆಕ್ಕು’ ಎಂಬಲ್ಲಿ ಉಕಾರದ ಗುರುತು ಮೇಲಿನ ಕಕಾರಕ್ಕೆ ಅಂಟಿಕೊಂಡಿದೆ, ಉಚ್ಚಾರವಾಗುವುದು ಮಾತ್ರ ಕೆಳಗಿನ ಒತ್ತು ಮುಗಿದ ಮೇಲೆ. ಕಂಡ ಕ್ರಮದಲ್ಲೇ ಓದುವ ಮಗು ‘ಬೆಕುಕ’ ಎನ್ನುತ್ತದೆ, ‘ಹತ್ತಿ’ಯನ್ನು ‘ಹತಿತ’ ಎನ್ನುತ್ತದೆ. ಅದಕ್ಕೆ ಅಕ್ಷರ ಗೊತ್ತು, ಒತ್ತೂ ಗೊತ್ತು, ಯಾವುದರ ನಂತರ ಯಾವುದು ಎಂಬುದಷ್ಟೇ ಗೊತ್ತಿಲ್ಲ. ಮೂರನೆಯದು ಅರ್ಕಾವತ್ತು. ಬರೆಯುವುದು ಕೊನೆಯಲ್ಲಿ, ಓದುವುದು ಮೊದಲು. ‘ಸೂರ್ಯ’ ಎಂಬುದು ‘ಸೂಯರ’ ಆಗುವುದು ಇದರಿಂದಲೇ. ಇನ್ನು ‘ವಿಜ್ಞಾನ’, ‘ರಾಷ್ಟ್ರ’ದಂಥ ಪದಗಳು, ಅವು ನಿಧಾನಕ್ಕೆ ಬರುತ್ತವೆ, ಈಗಲೇ ಚಿಂತೆ ಬೇಡ.

ಒಂದು ರಟ್ಟಿನ ಪಟ್ಟಿಯ ಮೇಲೆ ಇಂಥ ಹನ್ನೆರಡು ಹದಿಮೂರು ಪದಗಳನ್ನು ಬರೆಯಿರಿ. ಮೊದಲ ಸಾಲಿಗೆ ಹಗ್ಗ, ದಪ್ಪ, ಗದ್ದೆ. ಎರಡನೆಯದಕ್ಕೆ ಕೆಮ್ಮು, ಚಿನ್ನ, ಹಲ್ಲಿ, ಸುತ್ತು. ಮೂರನೆಯದಕ್ಕೆ ಮೇಲೊಂದು ಅಕ್ಷರ, ಕೆಳಗೆ ಬೇರೊಂದರ ಒತ್ತು ಇರುವ ಚಕ್ರ, ವಿದ್ಯೆ, ಪುಸ್ತಕ. ನಾಲ್ಕನೆಯದಕ್ಕೆ ಸೂರ್ಯ, ವರ್ಷ, ಕರ್ಪೂರ. ಅಮ್ಮ, ಅಪ್ಪ, ಅಣ್ಣ, ಅಕ್ಕ ಬೇಡವೇ ಬೇಡ. ಅವನ್ನು ಮಕ್ಕಳು ಓದುವುದಿಲ್ಲ, ನೋಡಿದ ಗುರುತಿನಿಂದ ಹೇಳಿಬಿಡುತ್ತಾರೆ. ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆದು ಓದಿಸಿ. ಒಬ್ಬರಿಗೆ ಒಂದೆರಡು ನಿಮಿಷ ಸಾಕು, ಒಂಬತ್ತು ಮಕ್ಕಳನ್ನು ಎರಡು ದಿನಕ್ಕೆ ಹಂಚಿಕೊಂಡರೆ ತರಗತಿಗೆ ಏನೂ ತೊಂದರೆಯಿಲ್ಲ. ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ‘ತಪ್ಪು’ ಎಂದು ಬರೆಯಬೇಡಿ. ‘ಬೆಕುಕ’ ಎಂದು ಬರೆದಿಟ್ಟುಕೊಂಡರೆ ನಾಳೆಯ ಪಾಠ ಅದರಲ್ಲೇ ಇದೆ. ನಿಮ್ಮ ಒಂಬತ್ತು ಮಕ್ಕಳು ಒಂದೇ ಗುಂಪಲ್ಲ ಎಂಬುದು ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಕೆಲವರಿಗೆ ಬೇಕಾದದ್ದು ಎರಡು ವಾರದ ಕೆಲಸ ಅಷ್ಟೇ.

ಕಾಗುಣಿತ ಗಟ್ಟಿಯಾಗದ ಐವರಿಗೂ ಹೀಗೇ ಮಾಡಿ. ಪೂರ್ತಿ ಕಾಗುಣಿತವನ್ನು ಕಕಾರದಿಂದ ಮತ್ತೆ ಬಾಯಿಪಾಠ ಮಾಡಿಸುವುದು ಬೇಡ. ಕ, ಕಾ, ಕಿ, ಕೀ ಎಂದು ರಾಗವಾಗಿ ಒಪ್ಪಿಸುವ ಮಗುವೇ ‘ಕೀಲಿ’ ಎಂಬ ಪದದ ಮುಂದೆ ನಿಂತುಬಿಡುತ್ತದೆ, ಏಕೆಂದರೆ ಅದಕ್ಕೆ ಗೊತ್ತಿರುವುದು ಸಾಲು, ಗುರುತಲ್ಲ. ಹ್ರಸ್ವ ದೀರ್ಘ ತಪ್ಪುತ್ತಿದೆಯೇ, ಕೆ-ಕೊ ಗೊಂದಲವಾಗುತ್ತಿದೆಯೇ, ‘ವು’ ಮತ್ತು ‘ಮ’ ಒಂದೇ ಥರ ಕಾಣುತ್ತಿವೆಯೇ, ಎಲ್ಲ ಅಕ್ಷರದಂತೆ ಬರೆಯದ ‘ಪು’, ‘ಮೊ’, ‘ಯೋ’ ಇವುಗಳಲ್ಲಿ ಮಾತ್ರ ಎಡವುತ್ತಿದೆಯೇ, ನೋಡಿ.

ಇನ್ನೊಂದು ಎಚ್ಚರ. ಹಳೇ ಮೈಸೂರು ಸೀಮೆಯ ಹಳ್ಳಿ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದರೆ ಅದು ಓದಿನ ತಪ್ಪಲ್ಲ. ಅದರ ಮನೆಯಲ್ಲಿ ಹಾಲಿಗೆ ಹಾಗೆಯೇ ಹೇಳುವುದು. ಅಕ್ಷರ ಗುರುತಿಸಿ, ಅರ್ಥ ಮಾಡಿಕೊಂಡು, ತನ್ನ ನಾಲಿಗೆಗೆ ಬಂದಂತೆ ಹೇಳಿದೆ. ಅದನ್ನು ತಪ್ಪಿನ ಪಟ್ಟಿಗೆ ಸೇರಿಸಿದರೆ ಓದಬಲ್ಲ ಮಗುವನ್ನು ಓದಲಾರದವರ ಸಾಲಿನಲ್ಲಿ ಕೂರಿಸಿದಂತಾಗುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಆಡುವ ಮಕ್ಕಳ ವಿಷಯದಲ್ಲೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಅಕ್ಷರ ಗೊತ್ತಿಲ್ಲವೋ, ಪದ ಗೊತ್ತಿಲ್ಲವೋ? ಪದ ಗೊತ್ತಿಲ್ಲದಿದ್ದರೆ ಅಕ್ಷರ ತಿದ್ದಿಸಿ ಉಪಯೋಗವಿಲ್ಲ. ಆ ಮಗುವಿಗೆ ಮಾತು ಬೇಕು, ಕಥೆ ಬೇಕು.

ಗಣಿತಕ್ಕೆ ಬರೋಣ. ದಶಕ ಸಹಿತ ವ್ಯವಕಲನ, ಅಂದರೆ ಎರವಲು ತಂದು ಕಳೆಯುವ ಲೆಕ್ಕ, ನಾಲ್ಕನೇ ತರಗತಿಯಲ್ಲಿ ಎಲ್ಲರಿಗೂ ತಲೆನೋವು. ಪರೀಕ್ಷೆಗೆ 52ರಿಂದ 27 ಕಳೆಯಲು ಕೊಟ್ಟಿದ್ದೀರಿ, ಹಲವರು 35 ಎಂದು ಬರೆದಿದ್ದಾರೆ ಅನ್ನೋಣ. ಸರಿ ಉತ್ತರ 25. ಆ 35 ಬರಲು ಎರಡು ದಾರಿಗಳಿವೆ. ಒಂದು ಮಗು ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವೆಂದು ತಿರುಗಿಸಿ 7ರಿಂದ 2 ಕಳೆದು 5 ಬರೆಯಿತು, ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದು 3. ಇನ್ನೊಂದು ಮಗು ಹತ್ತರ ಸ್ಥಾನದಿಂದ ಒಂದು ಹತ್ತನ್ನು ಸರಿಯಾಗಿಯೇ ಎರವಲು ತಂದು 12ರಿಂದ 7 ಕಳೆದು 5 ಬರೆಯಿತು, ಆದರೆ ಕೊಟ್ಟ ಮನೆಯಲ್ಲಿ ಒಂದು ಕಡಿಮೆಯಾಗಿದೆ ಎಂಬುದನ್ನು ಮರೆತು 5ರಿಂದ 2 ಕಳೆಯಿತು. ಎರಡೂ 35. ಮೊದಲ ಮಗುವಿಗೆ ಹತ್ತನ್ನು ಬಿಡಿಸಿ ಬಿಡಿಗಳಾಗಿ ಮಾಡಬಹುದು ಎಂಬುದೇ ಗೊತ್ತಿಲ್ಲ, ಕಡ್ಡಿಯ ಕಟ್ಟು ಬಿಚ್ಚಿ ತೋರಿಸಬೇಕು. ಎರಡನೆಯದಕ್ಕೆ ತತ್ವ ಗೊತ್ತಿದೆ, ಬರೆಯುವ ಅಭ್ಯಾಸದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗುತ್ತಿದೆ.

ಅದೇ ಲೆಕ್ಕದ ಬದಲು 63ರಿಂದ 27 ಕಳೆಯಲು ಕೊಡಿ. ತಿರುಗಿಸಿ ಕಳೆಯುವ ಮಗು 44 ಎಂದು ಬರೆಯುತ್ತದೆ. ಎರವಲು ತಂದು ಮರೆತ ಮಗು 46 ಎಂದು ಬರೆಯುತ್ತದೆ. ಸರಿ ಉತ್ತರ 36. ಈಗ ಉತ್ತರಪತ್ರಿಕೆ ನೋಡಿದ ಕೂಡಲೇ ಯಾರಿಗೆ ಕಡ್ಡಿ ಕಟ್ಟು, ಯಾರಿಗೆ ಇನ್ನೆರಡು ದಿನದ ಅಭ್ಯಾಸ ಎಂಬುದು ನಿಮ್ಮ ಕೈಯಲ್ಲಿದೆ. ಪ್ರಶ್ನೆ ಆರಿಸುವಾಗ ಹೀಗೆ ಒಂದು ಕ್ಷಣ ಯೋಚಿಸಿ: ಬೇರೆ ಬೇರೆ ತಪ್ಪಿಗೆ ಬೇರೆ ಬೇರೆ ಉತ್ತರ ಬರುತ್ತದೆಯೇ? ಹಾಗೆ ಬರುವಂತಿದ್ದರೆ ಮೂರು ಲೆಕ್ಕದ ಚೀಟಿ ಸಾಕು, 20 ಪ್ರಶ್ನೆಗಳ ಪತ್ರಿಕೆ ಬೇಡ. 105ರಿಂದ 38 ಕಳೆಯುವಂಥ ಒಂದನ್ನು ಸೇರಿಸಿದರೆ ಮಧ್ಯದ ಸೊನ್ನೆಯನ್ನು ಮಗು ಏನು ಮಾಡುತ್ತದೆಂಬುದೂ ಕಾಣುತ್ತದೆ. ನನಗೆ ಈ ಕೆಲಸ ತುಂಬ ಇಷ್ಟ, ಒಪ್ಪಿಕೊಳ್ಳುತ್ತೇನೆ. ತಪ್ಪು ಉತ್ತರದ ಹಿಂದೆ ಪ್ರತಿ ಸಲವೂ ಒಂದು ಯೋಚನೆ ಇರುತ್ತದೆ, ಅದನ್ನು ಕಂಡುಕೊಂಡಾಗ ಮಗುವಿನ ಮೇಲಿನ ಗೌರವ ಹೆಚ್ಚುತ್ತದೆ.

ಇದನ್ನೆಲ್ಲ ಎಲ್ಲಿ ಬರೆದಿಡುವುದು? ಒಂದು ಸಾದಾ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಗಣಿತ. ಮಕ್ಕಳ ಹೆಸರು ಉದ್ದಕ್ಕೆ, ಕೌಶಲಗಳು ಅಡ್ಡಕ್ಕೆ, ಏಳೆಂಟಕ್ಕಿಂತ ಹೆಚ್ಚು ಬೇಡ. ಬಂದಿದ್ದರೆ ತಾರೀಖು ಬರೆಯಿರಿ, ಬರದಿದ್ದರೆ ಮಗು ಹೇಳಿದ ಆ ಒಂದು ತಪ್ಪು ಪದ ಅಥವಾ ತಪ್ಪು ಉತ್ತರ ಬರೆಯಿರಿ, ಪೆನ್ಸಿಲಿನಲ್ಲಿ. ‘ಮಂದಗತಿ’, ‘ನಿಧಾನ ಕಲಿಕೆ’, ‘ಆಸಕ್ತಿ ಇಲ್ಲ’ ಎಂಬ ಪದಗಳು ಆ ಪುಟಕ್ಕೆ ಬರಕೂಡದು. ಅವು ಮಗುವಿನ ಬಗ್ಗೆ ತೀರ್ಪು ಕೊಡುತ್ತವೆ, ಕೆಲಸ ಹೇಳುವುದಿಲ್ಲ. ಶನಿವಾರ ಮಕ್ಕಳು ಹೋದ ಮೇಲೆ ಕಾಲು ಗಂಟೆ ಆ ಪುಟ ನೋಡಿ ಸೋಮವಾರದ ಗುಂಪು ಮಾಡಿಕೊಳ್ಳಿ. ಇಲಾಖೆಗೆ ಕೊಡಬೇಕಾದ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆ ಆಗಾಗ ಮಾಡುವುದು) ವಿವರಗಳನ್ನು ಇದರಿಂದಲೇ ತುಂಬಬಹುದು, ಎರಡೆರಡು ಸಲ ಪರೀಕ್ಷೆ ಮಾಡುವ ಕೆಲಸ ತಪ್ಪುತ್ತದೆ.

ಪಕ್ಕದಲ್ಲಿ ಹಾಜರಾತಿ ವಹಿಯನ್ನೂ ಇಟ್ಟುಕೊಳ್ಳಿ. ಇದನ್ನು ಬಹಳ ಜನ ಮಾಡುವುದಿಲ್ಲ, ಮಾಡಬೇಕು. ತಂದೆತಾಯಿ ಗುಳೆ ಹೋದಾಗ ಜೊತೆಗೆ ಹೋದ ಮಗು, ಕಬ್ಬು ಕಡಿಯುವ ಕಾಲದಲ್ಲಿ ಎರಡು ತಿಂಗಳು ಕಾಣದ ಮಗು, ತಮ್ಮನನ್ನು ನೋಡಿಕೊಳ್ಳಲು ವಾರಕ್ಕೆರಡು ದಿನ ಮನೆಯಲ್ಲುಳಿಯುವ ಮಗು, ಇವರು ನಿಧಾನ ಕಲಿಯುವವರಲ್ಲ, ಕಲಿಸಿದ ದಿನ ಇರದಿದ್ದವರು. ಗುಣಾಕಾರ ಕಲಿಸಿದ ಮೂರು ವಾರದಲ್ಲಿ ಆ ಮಗು ಎಷ್ಟು ದಿನ ಬಂದಿತ್ತು ಎಂದು ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ. ಅಂಥ ಮಗುವಿಗೆ ಎಲ್ಲ ಮೊದಲಿಂದ ಬೇಡ, ತಪ್ಪಿಹೋದ ತುಣುಕು ಮಾತ್ರ ಸಾಕು.

ಇನ್ನು ವೇಗದ ಪ್ರಶ್ನೆ. ನಿಮ್ಮ ಮಕ್ಕಳು ನಲಿ-ಕಲಿಯಿಂದ ಬಂದವರು, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಆರಂಭವಾದಾಗ, ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಲ್ಲಿ ನಡೆಯುತ್ತಿದ್ದ ಕಾರ್ಡುಗಳ ಕಲಿಕೆಯನ್ನು ನೋಡಿ ಬಂದರು. ನೋಡಿದ್ದನ್ನು ಹಾಗೇ ಎತ್ತಿಕೊಳ್ಳದೆ ನಮ್ಮ ಪಠ್ಯಕ್ಕೆ, ನಮ್ಮ ಮಕ್ಕಳ ಮಾತಿಗೆ ಹೊಂದುವ ಕಾರ್ಡುಗಳನ್ನು ತಾವೇ ಬರೆದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅ ಆ ಇ ಈ ಬದಲು ‘ರ ಗ ಸ ದ ಅ’ದಿಂದ ಆರಂಭಿಸಿದ್ದು ಎಂಥ ಒಳ್ಳೆಯ ತೀರ್ಮಾನ ನೋಡಿ. ಐದು ಅಕ್ಷರ ಬಂದ ಕೂಡಲೇ ಮಗು ಸರ, ದರ, ಅಗಸ, ಅರಸ, ಗರಗಸ ಎಂದು ಓದುತ್ತದೆ. ಇಡೀ ವರ್ಣಮಾಲೆ ಮುಗಿಯುವವರೆಗೆ ಓದುವ ಸುಖಕ್ಕೆ ಕಾಯಬೇಕಿಲ್ಲ.

ನಲಿ-ಕಲಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಐದು ತಟ್ಟೆಗಳು, ಅಂದರೆ ಮಕ್ಕಳು ಕೂರುವ ಐದು ಗುಂಪುಗಳು. ಮೊದಲನೆಯದು ಶಿಕ್ಷಕರ ಸಂಪೂರ್ಣ ಸಹಾಯ, ಎರಡನೆಯದು ಶಿಕ್ಷಕರ ಭಾಗಶಃ ಸಹಾಯ, ಆಮೇಲೆ ಗೆಳೆಯರ ಸಂಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ, ಕೊನೆಗೆ ಸ್ವಕಲಿಕೆ. ಮಗುವಿಗೆ ಕೈಹಿಡಿದು ಕಲಿಸಿ, ಹಂತಹಂತವಾಗಿ ಕೈಬಿಡುವ ವ್ಯವಸ್ಥೆ ಅದು. ಕಾರ್ಡುಗಳ ಕ್ರಮ ತೋರಿಸುವ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಎಂಬುದು ಮಗುವಿಗೇ ಗೊತ್ತಿರುತ್ತದೆ. ಪ್ರಗತಿ ನೋಟದಲ್ಲಿ ಅದರ ಗುರುತೂ ಇರುತ್ತದೆ. ಆರು ವರ್ಷದ ಮಗು ತನ್ನ ಕಲಿಕೆಯ ಮಾಹಿತಿಯನ್ನು ತಾನೇ ಓದಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಆದರೆ ಕೆಲವು ತರಗತಿಗಳಲ್ಲಿ ಇದು ತಲೆಕೆಳಗಾಗುತ್ತದೆ. ಕಾರ್ಡು ಮುಗಿಸುವುದೇ ಕಲಿಕೆ ಎಂದಾಗಿಬಿಡುತ್ತದೆ. ನಿಧಾನ ಹೋಗುವ ಮಗು ನಿಧಾನವಾಗಿಯೇ ಹೋಗಲಿ, ಅದರ ವೇಗ ಅದು, ಎಂದು ಬಿಟ್ಟುಬಿಡುತ್ತಾರೆ. ಮೂರನೇ ತರಗತಿ ಮುಗಿಯುವಾಗ ಆ ಮಗು ಏಣಿಯ ಅರ್ಧದಲ್ಲಿದೆ. ಜೂನ್ ತಿಂಗಳಿಗೆ ನಾಲ್ಕನೇ ತರಗತಿ, ಏಣಿ ಇಲ್ಲ, ತಟ್ಟೆ ಇಲ್ಲ, ಎಲ್ಲರ ಕೈಗೂ ಒಂದೇ ಪುಸ್ತಕ. ನಿಮ್ಮ ಐವರು ಬಂದಿರುವುದು ಬಹುಶಃ ಈ ದಾರಿಯಲ್ಲಿ. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ: ಅವರವರ ವೇಗಕ್ಕೆ ಕಲಿಸುವುದು ಎಂದರೆ ಹಿಂದಿರುವ ಮಗುವನ್ನು ಹಿಂದೆಯೇ ನೆಮ್ಮದಿಯಾಗಿ ಇರಲು ಬಿಡುವುದಲ್ಲ. ಆ ಮಗುವಿಗೆ ನಿಮ್ಮ ಸಮಯದಲ್ಲಿ ಬೇರೆಯವರಿಗಿಂತ ದೊಡ್ಡ ಪಾಲು ಕೊಡುವುದು. ಎಲ್ಲ ಮಕ್ಕಳಿಗೂ ಸಮನಾಗಿ ಸಮಯ ಹಂಚಿದರೆ ಅದು ನ್ಯಾಯವಾಗಿ ಕಾಣುತ್ತದೆ, ಆದರೆ ಅಂತರ ಹಾಗೇ ಉಳಿಯುತ್ತದೆ. ಉಳಿಯುವುದೇನು, ಬೆಳೆಯುತ್ತದೆ. ದೆಹಲಿಯ ಮಕ್ಕಳ ಬಗ್ಗೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ನಾಲ್ಕನೇ ತರಗತಿಯಲ್ಲಿ ನೀವು ಈಗ ಹಿಡಿಯದಿದ್ದರೆ ಮುಂದೆ ಹಿಡಿಯುವುದು ಇನ್ನೂ ಕಷ್ಟ.

ಹಾಗಿದ್ದರೆ ದಿನದ ಲೆಕ್ಕ ಹೇಗೆ? ದಿನವಿಡೀ ಗುಂಪು ಮಾಡಬೇಡಿ. ಕನ್ನಡಕ್ಕೆ 40 ನಿಮಿಷ, ಗಣಿತಕ್ಕೆ 40 ನಿಮಿಷ, ಅಷ್ಟು ಹೊತ್ತು ಮಾತ್ರ ಮಕ್ಕಳು ತಮ್ಮ ಹಂತದಲ್ಲಿ ಕೆಲಸ ಮಾಡಲಿ. ಉಳಿದ ಹೊತ್ತು ಎಲ್ಲರೂ ಒಟ್ಟಿಗೆ. ಇದೇನೂ ಹೊಸ ತಿಳಿವಳಿಕೆಯಲ್ಲ. 1919ರಲ್ಲಿ ಅಮೆರಿಕದ ಶಿಕಾಗೋ ಹತ್ತಿರದ ವಿನೆಟ್ಕಾ ಎಂಬ ಊರಿನ ಶಾಲೆಗಳ ಹೊಣೆ ವಹಿಸಿಕೊಂಡ ಕಾರ್ಲ್‌ಟನ್ ವಾಶ್‌ಬರ್ನ್, ಓದು-ಬರಹ-ಲೆಕ್ಕವನ್ನು ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವಂತೆ ಮಾಡಿದಾಗಲೂ ದಿನದ ಇನ್ನೊಂದು ಭಾಗವನ್ನು ಒಟ್ಟು ಚಟುವಟಿಕೆಗೆ, ನಾಟಕ, ಕಲೆ, ಚರ್ಚೆಗೆ ಮೀಸಲಿಟ್ಟಿದ್ದರು. ಮಗು ಇಡೀ ದಿನ ತನ್ನ ಹಾಳೆಯ ಜೊತೆ ಒಂಟಿಯಾಗಿ ಕೂತರೆ ತರಗತಿ ಇರುವುದಾದರೂ ಯಾಕೆ?

ಗುಂಪುಗಳ ವಿಷಯದಲ್ಲಿ ಮೂರು ಕಟ್ಟುನಿಟ್ಟು. ಗುಂಪು ಕೌಶಲಕ್ಕೆ, ಮಗುವಿಗಲ್ಲ. ಒತ್ತಕ್ಷರದ ಗುಂಪಿನಲ್ಲಿರುವ ಹುಡುಗಿ ಗಣಿತದಲ್ಲಿ ಮುಂದಿನ ಗುಂಪಿನಲ್ಲಿರಬಹುದು, ಇರಬೇಕು. ಗುಂಪು ಎರಡು ಮೂರು ವಾರಕ್ಕಿಂತ ಹೆಚ್ಚು ಕಾಲ ಬದಲಾಗದೆ ಉಳಿದರೆ ಏನೋ ತಪ್ಪಿದೆ ಎಂದು ತಿಳಿಯಿರಿ. ಹೆಸರಿಡುವಾಗ ಎ, ಬಿ, ಸಿ ಬೇಡ. ಮಕ್ಕಳಿಗೆ ಮರುದಿನವೇ ಅರ್ಥವಾಗುತ್ತದೆ, ಮನೆಗೂ ಹೋಗಿ ಹೇಳುತ್ತವೆ.

ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆ ಪ್ರಥಮ್ ವರ್ಷಗಳಿಂದ ಮಾಡುತ್ತಿರುವ ಕೆಲಸದ ತಿರುಳೂ ಇದೇ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ, ಇಷ್ಟೇ ಇರುವ ಒಂದು ಹಾಳೆ. ಮಗು ಯಾವುದನ್ನು ಓದುತ್ತದೋ ಅಲ್ಲಿಂದ ಪಾಠ. ತರಗತಿ ಯಾವುದೆಂದು ನೋಡುವುದಿಲ್ಲ. ಮುಂಬೈ ಮತ್ತು ವಡೋದರಾದಲ್ಲಿ ಹಿಂದುಳಿದ ಮಕ್ಕಳಿಗೆ ಊರಿನ ಯುವತಿಯರಿಂದ ದಿನಕ್ಕೆ ಒಂದೆರಡು ಗಂಟೆ ಪ್ರತ್ಯೇಕ ಪಾಠ ಹೇಳಿಸಿದ ಪ್ರಯೋಗವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಹೆಚ್ಚು ಲಾಭವಾದದ್ದು ಎಲ್ಲರಿಗಿಂತ ಹಿಂದಿದ್ದ ಮಕ್ಕಳಿಗೆ. ನಮ್ಮಲ್ಲಿ ನಾಲ್ಕು-ಐದನೇ ತರಗತಿಗೆ ನಡೆದ ‘ಓದು ಕರ್ನಾಟಕ’ ಇದೇ ಬೇರಿನದು. ನಿಮ್ಮ ಶಾಲೆಯ ಬೀರುವಿನಲ್ಲಿ ಅದರ ಸಾಮಗ್ರಿ ಇದ್ದರೂ ಇರಬಹುದು, ಹುಡುಕಿ ನೋಡಿ.

ಆ 40 ನಿಮಿಷದಲ್ಲಿ ನೀವು ಎಲ್ಲಿ ಕೂರುತ್ತೀರಿ ಎಂಬುದೇ ದೊಡ್ಡ ತೀರ್ಮಾನ. ಮೊದಲ 20 ನಿಮಿಷ ಕಾಗುಣಿತದ ಐವರ ಜೊತೆ ನೆಲದ ಮೇಲೆ ಕೂತುಬಿಡಿ, ಪ್ರತಿದಿನ. ಆಮೇಲಿನ 15 ನಿಮಿಷ ಒತ್ತಕ್ಷರದ ಗುಂಪಿಗೆ, ಅವರೊಳಗಿನ ಒಂದು ತೊಡಕಿಗೆ. ಕೊನೆಯ ಐದು ನಿಮಿಷ ಓದಬಲ್ಲ ಹನ್ನೆರಡು ಮಕ್ಕಳಿಗೆ. ಈ ಹನ್ನೆರಡು ಮಕ್ಕಳ ಬಗ್ಗೆಯೂ ಹೇಳಬೇಕು. ಅವರನ್ನು ಸಹಾಯಕ ಶಿಕ್ಷಕರನ್ನಾಗಿ ಮಾಡಿಬಿಡುವುದು ಸುಲಭ. ವಾರಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಗೆಳೆಯನಿಗೆ ಹೇಳಿಕೊಟ್ಟರೆ ಇಬ್ಬರಿಗೂ ಒಳ್ಳೆಯದು. ದಿನಾ ಅದೇ ಆದರೆ ಅವರ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಅವರಿಗೆ ಗ್ರಂಥಾಲಯದ ಪುಸ್ತಕ ಬೇಕು. ಓದಿದ ಮೇಲೆ ‘ಯಾಕೆ’ ಎಂಬ ಒಂದು ಪ್ರಶ್ನೆ ಬೇಕು, ನಾಲ್ಕು ಸಾಲು ಸ್ವಂತ ಬರವಣಿಗೆ ಬೇಕು. ಸರಾಗವಾಗಿ ಓದುವ ಈ ಮಕ್ಕಳಲ್ಲಿ ಅರ್ಥ ಹಿಡಿಯದವರು ಒಂದಿಬ್ಬರು ಇದ್ದೇ ಇರುತ್ತಾರೆ. ಅವರ ತೊಂದರೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಏಕೆಂದರೆ ಅವರು ಚೆನ್ನಾಗಿ ಓದುತ್ತಾರೆಂದು ನಾವು ಅಂದುಕೊಂಡಿರುತ್ತೇವೆ.

ಹಾಗಿದ್ದರೆ ಪಾಠ ಮುಗಿಯುವುದು ಹೇಗೆ ಎನ್ನುತ್ತೀರೇನೋ, ಅದು ಉಳಿದ ಪೀರಿಯಡ್ಡಿನಲ್ಲಿ. ಪಾಠದ ಕಥೆ, ವಿಷಯ, ಚರ್ಚೆ ಎಲ್ಲ 26 ಮಕ್ಕಳಿಗೂ ಸಲ್ಲಬೇಕು. ಓದಲು ಬಾರದ ಮಗುವಿಗೂ ಕಿವಿ ಇದೆ, ಯೋಚನೆ ಇದೆ. ಕೆರೆಯ ಬಗ್ಗೆ ಒಂದು ಪಾಠವಿದ್ದರೆ ಮೊದಲು ನೀವೇ ಚೆನ್ನಾಗಿ ಓದಿ ಹೇಳಿ, ಊರಿನ ಕೆರೆಯ ಬಗ್ಗೆ ಮಾತಾಡಿಸಿ. ಮಕ್ಕಳು ಹೇಳಿದ ಐದಾರು ವಾಕ್ಯಗಳನ್ನು ಅವರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ: ‘ನಮ್ಮ ಕೆರೆ ಕೋಡಿ ಬಿತ್ತು. ಅಜ್ಜ ಮೀನು ಹಿಡಿದರು.’ ಇದು ಒತ್ತಕ್ಷರದ ಗುಂಪಿಗೆ ಓದುವ ಪಾಠವಾಯಿತು. ಕೋಡಿ ಬಿದ್ದಿದ್ದು ಅವರಿಗೇ ಗೊತ್ತಿರುವುದರಿಂದ ‘ಬಿತ್ತು’ ಎಂಬ ಒತ್ತು ತಾನಾಗಿ ಬಾಯಿಗೆ ಬರುತ್ತದೆ, ಆಮೇಲೆ ಅದರ ಮೇಲೆ ಬೆರಳಿಟ್ಟು ತೋರಿಸಬಹುದು. ಕಾಗುಣಿತದ ಐವರಿಗೆ ಅದರಿಂದಲೇ ಕೆರೆ, ಮೀನು, ಕೋಡಿ, ನೀರು. ಹನ್ನೆರಡು ಮಕ್ಕಳು ಪುಸ್ತಕದ ಪಾಠವನ್ನೇ ಓದುತ್ತಾರೆ. ಪಾಠ ಒಂದೇ, ಓದುವ ಭಾರ ಬೇರೆ ಬೇರೆ. ಪರೀಕ್ಷೆಯಲ್ಲೂ ಆ ಐವರಿಗೆ ಕೆರೆಯ ಬಗ್ಗೆ ಬಾಯಲ್ಲಿ ಕೇಳಿ. ವಿಷಯದ ತಿಳಿವು ಬೇರೆ, ಓದಿನ ಹಂತ ಬೇರೆ ಎಂದು ಎರಡು ಕಡೆ ಬರೆದುಕೊಳ್ಳಿ.

ಕೆಲವು ಅಭ್ಯಾಸಗಳನ್ನು ಬಿಡಬಹುದೇ? ಬಿಡಬಹುದು. ಪಾಠದ ಕೊನೆಯ ಎಲ್ಲ ಪ್ರಶ್ನೆಗಳಿಗೂ ಉತ್ತರವನ್ನು ಬೋರ್ಡಿನ ಮೇಲೆ ಬರೆದು ನಕಲು ಮಾಡಿಸುವುದರಲ್ಲಿ ಹೋಗುವ ಹೊತ್ತು ಎಷ್ಟೆಂದು ಒಂದು ವಾರ ಗಮನಿಸಿ. ನಿಮಗೆ ಬೇಕಾದ ಸಮಯ ಬಹುಪಾಲು ಅಲ್ಲೇ ಇದೆ.

ಮೊಬೈಲು, ಟ್ಯಾಬ್‌ಗಳ ಮಾತು ಬಂದೇ ಬರುತ್ತದೆ. ಇದ್ದರೆ ಗಣಿತದ ಅಭ್ಯಾಸಕ್ಕೆ ಒಳ್ಳೆಯದು, ಮಗುವಿನ ಹಂತಕ್ಕೆ ತಕ್ಕ ಲೆಕ್ಕ ಕೊಡುತ್ತವೆ. ಇಲ್ಲದಿದ್ದರೆ ಕೊರಗುವ ಕಾರಣವಿಲ್ಲ, ರಟ್ಟಿನ ಪಟ್ಟಿಯೂ ನೋಟ್‌ಬುಕ್ಕೂ ಈ ಕೆಲಸಕ್ಕೆ ಸಾಕು.

ಮಗುವಿಗೆ ಅದರ ಪ್ರಗತಿಯನ್ನು ತೋರಿಸಿ, ಆದರೆ ಅದರದ್ದೇ ನಿನ್ನೆಗೆ ಹೋಲಿಸಿ. ಹೋದ ಸೋಮವಾರ ಪಟ್ಟಿಯಲ್ಲಿ ನಾಲ್ಕು ಪದ ಓದಿದ್ದೆ, ಇವತ್ತು ಏಳು, ಎಂದು ಹೇಳಿ. ಅಂಕಗಳ ಕ್ರಮದಲ್ಲಿ ಹೆಸರು ಬರೆದು ಗೋಡೆಗೆ ಅಂಟಿಸುವುದನ್ನು ಮಾತ್ರ ಯಾರೇ ಹೇಳಿದರೂ ಮಾಡಬೇಡಿ. ನಿಮಿಷಕ್ಕೆ ಎಷ್ಟು ಪದ ಎಂಬ ಅಳತೆಯನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ‘ಮನೆಯೊಳಗಿದ್ದವರೆಲ್ಲ’ ಎಂಬುದು ಕನ್ನಡದಲ್ಲಿ ಒಂದು ಪದ, ಇಂಗ್ಲಿಷಿನ ಎಣಿಕೆ ಇಲ್ಲಿ ಹೊಂದುವುದಿಲ್ಲ. ಪೋಷಕರ ಸಭೆಯಲ್ಲಿ ತಾಯಿಗೆ ‘ನಿಮ್ಮ ಮಗಳು ಓದಿನಲ್ಲಿ ಹಿಂದೆ’ ಎಂದರೆ ಅವರು ಏನು ಮಾಡಿಯಾರು? ‘ಅರ್ಕಾವತ್ತು ಒಂದು ಬಿಟ್ಟು ಎಲ್ಲ ಬಂತು ಅಮ್ಮ, ಇದೊಂದು ತಿಂಗಳು ದಿನಾ ತಪ್ಪದೆ ಕಳಿಸಿ’ ಎಂದರೆ ಅವರಿಗೂ ಮಾಡಲು ಒಂದು ಕೆಲಸ ಸಿಗುತ್ತದೆ.

ಶುರು ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ತಿಂಗಳು ಕನ್ನಡ ಮಾತ್ರ, ಅದರಲ್ಲೂ ಆ 14 ಮಕ್ಕಳು ಮಾತ್ರ. ಗಣಿತದ ಮೂರು ಲೆಕ್ಕದ ಚೀಟಿ ಎರಡನೆಯ ತಿಂಗಳಿಗೆ ಇರಲಿ. ನಿಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಪಾಠ ಯೋಜನೆಯ ಜೊತೆ ಈ ನೋಟ್‌ಬುಕ್ಕನ್ನೂ ಮುಂದಿಡಿ. ಸಮಾಲೋಚನಾ ಸಭೆಯಲ್ಲಿ ಪಕ್ಕದ ಶಾಲೆಯವರ ಜೊತೆ ಪದಗಳ ಪಟ್ಟಿ ಹಂಚಿಕೊಂಡರೆ ಎಲ್ಲರ ಕೆಲಸವೂ ಹಗುರವಾಗುತ್ತದೆ.

ಆರೇಳು ವಾರ ದಿನಾ ಕೂತು ಕಲಿಸಿದ ಮೇಲೂ ಐವರಲ್ಲಿ ಒಂದು ಮಗು ಒಂದಿಷ್ಟೂ ಕದಲದಿದ್ದರೆ, ಹಾಜರಾತಿಯೂ ಸರಿಯಿದ್ದರೆ, ಮೊದಲು ಕಣ್ಣು ಕಿವಿ ನೋಡಿಸಿ. ಬೋರ್ಡಿನ ಅಕ್ಷರ ಕಾಣದೆ ಹಿಂದೆ ಬಿದ್ದ ಮಕ್ಕಳು ನಾವು ಎಣಿಸುವುದಕ್ಕಿಂತ ಹೆಚ್ಚು. ಶಾಲಾ ಆರೋಗ್ಯ ತಪಾಸಣೆಗೆ ಕಾಯದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಅದೂ ಸರಿಯಿದ್ದರೆ ಕಲಿಕಾ ನ್ಯೂನತೆ ಇರಬಹುದು, ಅದನ್ನು ನೀವಾಗಲಿ ನಾನಾಗಲಿ ತೀರ್ಮಾನಿಸಲು ಆಗದು. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರನ್ನು ಶಾಲೆಗೆ ಕರೆಸಿ, ಅಂಕಪಟ್ಟಿಗಿಂತ ಮೊದಲು ಆ ಮಗುವಿನ ಸಾಲು ಇರುವ ನೋಟ್‌ಬುಕ್ಕಿನ ಪುಟ ತೋರಿಸಿ. ಯಾವ ತಾರೀಖಿಗೆ ಏನು ಓದಿತು, ಏನೆಂದು ಓದಿತು ಎಂಬುದು ಅಲ್ಲಿದ್ದರೆ ಅವರು ಮೊದಲಿಂದ ಶುರು ಮಾಡಬೇಕಾಗುವುದಿಲ್ಲ.